ಯುರೋಪ್ ಪ್ರವಾಸದಲ್ಲಿ ರೈಲೋ, ಕಾರೋ? ಹಾದಿಹಾದಿಗೂ ಲೆಕ್ಕ ಹಾಕಿ ತೀರ್ಮಾನಿಸುವ ಬಗೆ

ಯುರೋಪಿಗೆ ಹೊರಟ ಬಂಧುಗಳು, ಗೆಳೆಯರು ನನ್ನ ಬಳಿ ಸಲಹೆ ಕೇಳಲು ಬರುವ ಹೊತ್ತಿಗೆ ಒಂದು ಕೆಲಸವನ್ನು ಆಗಲೇ ಮುಗಿಸಿರುತ್ತಾರೆ. ಹದಿನೈದು ದಿನಗಳ ರೈಲು ಪಾಸ್ ಕೊಂಡಿರುತ್ತಾರೆ, ಇಲ್ಲವೇ ವಿಮಾನ ಇಳಿಯುವ ದಿನದಿಂದ ಮರಳಿ ಹತ್ತುವ ದಿನದವರೆಗೂ ಕಾರು ಗೊತ್ತು ಮಾಡಿರುತ್ತಾರೆ. ಯಾವ ಊರಿನಲ್ಲಿ ಎಷ್ಟು ರಾತ್ರಿ ಎಂದು ಕೇಳಿದರೆ ಅದಿನ್ನೂ ಗೊತ್ತಾಗಿಲ್ಲ ಎನ್ನುತ್ತಾರೆ. ಹಣವೂ ರಜೆಯೂ ಹಾಳಾಗುವುದು ಇಲ್ಲಿಂದಲೇ. ಪಾಸ್ ಕೊಂಡಿದ್ದೇವಲ್ಲ ಎಂದು ದಿನಕ್ಕೊಂದು ಊರು ಸುತ್ತಿ ಬಳಲಿ ಬಂದವರನ್ನು ಕಂಡಿದ್ದೇನೆ. ವೆನಿಸ್‌ನ ಹೊರಗೆ ಕಾರನ್ನು ಎರಡು ದಿನ ಸುಮ್ಮನೆ ನಿಲ್ಲಿಸಿ ಬಾಡಿಗೆಯನ್ನೂ ಪಾರ್ಕಿಂಗ್ ಶುಲ್ಕವನ್ನೂ ಒಟ್ಟಿಗೆ ಕಟ್ಟಿದವರನ್ನೂ ಕಂಡಿದ್ದೇನೆ.

ಇಡೀ ಪ್ರವಾಸಕ್ಕೆ ಒಂದೇ ಉತ್ತರ ಇಲ್ಲ. ಒಂದು ಊರಿನಿಂದ ಮುಂದಿನ ಊರಿಗೆ ಹೋಗುವ ಒಂದೊಂದು ಹಾದಿಗೂ ಪ್ರತ್ಯೇಕ ಉತ್ತರ ಇದೆ. ಕೆಳಗಿನ ಹಂತಗಳನ್ನು ದಯವಿಟ್ಟು ಇದೇ ಕ್ರಮದಲ್ಲಿ ಮಾಡಿ.

## ಮೊದಲು ಕೈಯಲ್ಲಿರಬೇಕಾದವು

ಒಂದು ಹಾಳೆ, ಪೆನ್ನು, ಮೊಬೈಲಿನಲ್ಲಿ ನಕ್ಷೆ. ಹೋಗುವ ದೇಶಗಳ ರೈಲ್ವೆ ಸಂಸ್ಥೆಗಳ ಸ್ವಂತ ಆ್ಯಪ್‌ಗಳು: ಸ್ವಿಟ್ಜರ್ಲೆಂಡಿಗೆ ಎಸ್‌ಬಿಬಿ, ಜರ್ಮನಿಗೆ ಡಿಬಿ, ಆಸ್ಟ್ರಿಯಾಕ್ಕೆ ಒಬಿಬಿ, ಇಟಲಿಗೆ ಟ್ರೆನ್‌ಇಟಾಲಿಯಾ ಮತ್ತು ಇಟಾಲೊ, ಫ್ರಾನ್ಸಿಗೆ ಎಸ್‌ಎನ್‌ಸಿಎಫ್. ಸಮಯ ಮತ್ತು ದರವನ್ನು ಇವುಗಳಲ್ಲೇ ನೋಡಿ.

ಕಾರು ಓಡಿಸುವ ಯೋಚನೆ ಸ್ವಲ್ಪವಾದರೂ ಇದ್ದರೆ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮಾಡಿಸಿಕೊಳ್ಳಿ. ನಿಮ್ಮ ಡಿಎಲ್ ಇರುವ ಆರ್‌ಟಿಒ ಇದನ್ನು ಕೊಡುತ್ತದೆ. ಪರಿವಾಹನ್ ಜಾಲತಾಣದಲ್ಲಿ ಅರ್ಜಿ ಹಾಕಬಹುದು. ನಮೂನೆ 4ಎ, ಪಾಸ್‌ಪೋರ್ಟ್ ಮತ್ತು ವೀಸಾದ ಪ್ರತಿಗಳು, ಶುಲ್ಕ 1,000 ರೂಪಾಯಿ. ಒಂದು ವರ್ಷ ನಡೆಯುತ್ತದೆ. ಇದು ಡಿಎಲ್‌ನ ಅನುವಾದವಿದ್ದಂತೆ, ಒಂಟಿಯಾಗಿ ಇದಕ್ಕೆ ಬೆಲೆ ಇಲ್ಲ. ಮೂಲ ಡಿಎಲ್ ಕಾರ್ಡ್ ಜೊತೆಗಿರಲೇಬೇಕು. ಮೊಬೈಲಿನಲ್ಲಿರುವ ಡಿಜಿಲಾಕರ್ ಪ್ರತಿಯನ್ನು ಅಲ್ಲಿನ ಕೌಂಟರಿನಲ್ಲಿ ತೋರಿಸಿ ಕಾರು ಪಡೆಯಬಹುದೆಂದು ನಂಬಿ ಹೊರಡಬೇಡಿ.

## ಹಂತ 1: ರಾತ್ರಿಗಳನ್ನು ಬರೆಯಿರಿ

ನೋಡುವ ಜಾಗಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು, ಪ್ರತಿ ರಾತ್ರಿ ಎಲ್ಲಿ ಮಲಗುತ್ತೀರಿ ಎಂಬುದನ್ನಷ್ಟೇ ಬರೆಯಿರಿ. ನಮ್ಮವರು ಹೆಚ್ಚಾಗಿ ಹೋಗುವ ಸ್ವಿಟ್ಜರ್ಲೆಂಡ್ ಮತ್ತು ಇಟಲಿಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಜ್ಯೂರಿಕ್‌ನಲ್ಲಿ ಇಳಿದು ಲುಸರ್ನ್‌ನಲ್ಲಿ 2 ರಾತ್ರಿ, ಇಂಟರ್‌ಲಾಕೆನ್ ಬಳಿಯ ಲೌಟರ್‌ಬ್ರುನ್ನೆನ್‌ನಲ್ಲಿ 3, ವೆನಿಸ್‌ನಲ್ಲಿ 2, ಫ್ಲಾರೆನ್ಸ್‌ನಲ್ಲಿ 2, ಟಸ್ಕನಿಯ ಪಿಯೆಂಜಾ ಬಳಿಯ ತೋಟದ ಮನೆಯಲ್ಲಿ 2, ರೋಮ್‌ನಲ್ಲಿ 3. ಒಟ್ಟು 14 ರಾತ್ರಿ. ವಿಮಾನ ನಿಲ್ದಾಣದಿಂದ ಹಿಡಿದು ಆರು ಹಾದಿಗಳು. ಈ ಆರೂ ಹಾದಿಗಳನ್ನು ಹಾಳೆಯಲ್ಲಿ ಒಂದರ ಕೆಳಗೊಂದು ಬರೆಯಿರಿ. ಮುಂದಿನ ಕೆಲಸವೆಲ್ಲ ಈ ಆರು ಸಾಲುಗಳ ಮೇಲೆ.

ಒಂದೇ ರಾತ್ರಿಯ ಊರುಗಳು ಎರಡಕ್ಕಿಂತ ಹೆಚ್ಚಿದ್ದರೆ ಇಲ್ಲೇ ನಿಲ್ಲಿಸಿ ಪಟ್ಟಿಯನ್ನು ತಿದ್ದಿ. ಅಂಥ ಪ್ರವಾಸವನ್ನು ರೈಲೂ ಉಳಿಸುವುದಿಲ್ಲ, ಕಾರೂ ಉಳಿಸುವುದಿಲ್ಲ.

ಈ ಹಂತದಲ್ಲೇ ವೀಸಾವನ್ನೂ ನೋಡಿಕೊಳ್ಳಿ. ಸ್ವಿಟ್ಜರ್ಲೆಂಡ್ ಐರೋಪ್ಯ ಒಕ್ಕೂಟದಲ್ಲಿಲ್ಲ, ಆದರೆ ಒಂದೇ ವೀಸಾ ನಡೆಯುವ ದೇಶಗಳ ಗುಂಪಾದ ಷೆಂಗೆನ್ ವಲಯದಲ್ಲಿದೆ. ಹಾಗಾಗಿ ತೊಂದರೆಯಿಲ್ಲ. ಬ್ರಿಟನ್ ಹಾಗಲ್ಲ. ಪ್ಯಾರಿಸ್‌ನಿಂದ ಲಂಡನ್‌ಗೆ ರೈಲು ಎರಡೂಕಾಲು ಗಂಟೆಯ ಹಾದಿ ಎಂದು ನಡುವೆ ಎರಡು ದಿನ ಸೇರಿಸುತ್ತಾರೆ. ಲಂಡನ್‌ಗೆ ಬೇರೆ ವೀಸಾ ಬೇಕು. ಒಂದೇ ಪ್ರವೇಶದ ಷೆಂಗೆನ್ ವೀಸಾ ಇದ್ದರೆ ಲಂಡನ್‌ನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಮರಳಲು ಬರುವುದಿಲ್ಲ. ಲಂಡನ್ ಬೇಕೇ ಬೇಕೆಂದರೆ ಅದನ್ನು ಪ್ರವಾಸದ ಮೊದಲಿಗೋ ಕೊನೆಗೋ ಇಡಿ.

## ಹಂತ 2: ಪ್ರತಿ ಹಾದಿಗೂ ನಾಲ್ಕು ಪ್ರಶ್ನೆ

1. ಹೋಗಿ ಇಳಿಯುವ ಊರಿನೊಳಗೆ ಕಾರು ಬಿಡುತ್ತಾರೆಯೇ? ವೆನಿಸ್‌ನಲ್ಲಿ ರಸ್ತೆಯೇ ಇಲ್ಲ. ಕಾರು ಪಿಯಾತ್ಸಾಲೆ ರೋಮಾದಲ್ಲೋ ಟ್ರೊಂಕೆಟ್ಟೊದಲ್ಲೋ ನಿಲ್ಲುತ್ತದೆ. ಸ್ವಿಟ್ಜರ್ಲೆಂಡಿನ ಜರ್ಮಾಟ್, ವೆಂಗೆನ್, ಮ್ಯುರೆನ್ ಕಾರುಗಳಿಲ್ಲದ ಊರುಗಳು. ಜರ್ಮಾಟ್‌ಗೆ ಹೋಗುವವರು ತೇಶ್‌ನಲ್ಲಿ ಕಾರು ಬಿಟ್ಟು ರೈಲು ಹಿಡಿಯಬೇಕು. ಇಟಲಿಯ ಚಿಂಕ್ವೆ ತೆರ್ರೆಯ ಐದು ಊರುಗಳಿಗೂ ರೈಲೇ ಸರಿ.

2. ಅಲ್ಲಿ ಉಳಿಯುವಷ್ಟು ದಿನ ಕಾರು ದಿನವೂ ಉಪಯೋಗಕ್ಕೆ ಬರುತ್ತದೆಯೇ? ನನ್ನ ಅನುಭವದಲ್ಲಿ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ರೋಮ್, ಪ್ಯಾರಿಸ್, ವಿಯೆನ್ನಾದಂಥ ನಗರಗಳಲ್ಲಿ ಕಾರು ಇಡೀ ದಿನ ನೆಲಮಾಳಿಗೆಯಲ್ಲಿ ನಿಂತಿರುತ್ತದೆ. ಪಿಯೆಂಜಾ, ಮೊಂತಾಲ್ಚಿನೊ ಇರುವ ವಾಲ್ ದೊರ್ಚಾ ಕಣಿವೆಯಲ್ಲಿ, ಫ್ರಾನ್ಸಿನ ಪ್ರೊವಾನ್ಸ್‌ನ ಗುಡ್ಡದ ಹಳ್ಳಿಗಳಲ್ಲಿ, ಡೊಲೊಮೈಟ್ ಬೆಟ್ಟಗಳಲ್ಲಿ, ಸ್ಕಾಟ್ಲೆಂಡಿನ ಹೈಲ್ಯಾಂಡ್ಸ್‌ನಲ್ಲಿ ಬಸ್ಸುಗಳು ಅಪರೂಪ. ಅಲ್ಲಿ ಕಾರಿಲ್ಲದೆ ಅರ್ಧ ದಿನ ಬಸ್ ಕಾಯುವುದರಲ್ಲೇ ಹೋಗುತ್ತದೆ.

3. ಉಳಿಯುವ ಕೊಠಡಿ ರೈಲು ನಿಲ್ದಾಣದಿಂದ ಸಾಮಾನು ಎಳೆದುಕೊಂಡು ಹೋಗುವಷ್ಟು ಹತ್ತಿರವೇ? ಹತ್ತು ನಿಮಿಷದ ನಡಿಗೆಯಾದರೆ ಸರಿ. ಗುಡ್ಡದ ನೆತ್ತಿಯ ತೋಟದ ಮನೆಗೆ ನಿಲ್ದಾಣದಿಂದ ಟ್ಯಾಕ್ಸಿಯೇ ಸಿಗದಿರಬಹುದು.

4. ಜೊತೆಗೆ ಯಾರಿದ್ದಾರೆ? ರೈಲಿನಲ್ಲಿ ನಮ್ಮಲ್ಲಿಯಂತೆ ಸಾಮಾನು ಹೊರುವ ಕೂಲಿಗಳು ಸಿಗುವುದಿಲ್ಲ. ಹಳೆಯ ಬೋಗಿಗಳಲ್ಲಿ ಎರಡು ಮೂರು ಮೆಟ್ಟಿಲು ಹತ್ತಬೇಕು. ಸಣ್ಣ ನಿಲ್ದಾಣಗಳಲ್ಲಿ ರೈಲು ಒಂದೆರಡು ನಿಮಿಷ ಮಾತ್ರ ನಿಲ್ಲುತ್ತದೆ. ಮಂಡಿನೋವಿನ ಅತ್ತೆಯವರು, ಮಲಗಿದ ಮಗು, ನಾಲ್ಕು ದೊಡ್ಡ ಸೂಟ್‌ಕೇಸ್ ಇದ್ದಾಗ ಎರಡು ಕಡೆ ರೈಲು ಬದಲಿಸುವ ಹಾದಿ ಕಾಗದದ ಮೇಲೆ ಕಾಣುವಷ್ಟು ಸುಲಭವಲ್ಲ. ಪ್ರತಿಯೊಬ್ಬರೂ ತಮ್ಮ ಸೂಟ್‌ಕೇಸನ್ನು ತಾವೇ ಮೂರು ಮೆಟ್ಟಿಲು ಎತ್ತಬಲ್ಲರೇ ಎಂದು ಮನೆಯ ಮೆಟ್ಟಿಲಿನಲ್ಲೇ ಪರೀಕ್ಷಿಸಿ. ಎತ್ತಲಾಗದಿದ್ದರೆ ಸೂಟ್‌ಕೇಸ್ ಚಿಕ್ಕದಾಗಬೇಕು.

ನಮ್ಮ ಉದಾಹರಣೆಗೆ ಹಾಕಿ ನೋಡಿ. ಜ್ಯೂರಿಕ್ ವಿಮಾನ ನಿಲ್ದಾಣದ ಕೆಳಗೇ ರೈಲು ನಿಲ್ದಾಣವಿದೆ, ಒಂದು ಗಂಟೆಗಿಂತ ಸ್ವಲ್ಪ ಹೆಚ್ಚಿನ ಹೊತ್ತಿನಲ್ಲಿ ಲುಸರ್ನ್: ರೈಲು. ಲುಸರ್ನ್‌ನಿಂದ ಇಂಟರ್‌ಲಾಕೆನ್ ಸುಮಾರು ಎರಡು ಗಂಟೆ, ಅಲ್ಲಿಂದ ಲೌಟರ್‌ಬ್ರುನ್ನೆನ್ ಇಪ್ಪತ್ತು ನಿಮಿಷ: ರೈಲು. ಲೌಟರ್‌ಬ್ರುನ್ನೆನ್‌ನಿಂದ ಸ್ಪೀಟ್ಸ್, ಮಿಲಾನ್ ಹಾದು ವೆನಿಸ್‌ಗೆ ಸುಮಾರು ಏಳು ಗಂಟೆ. ಕಾರಿನಲ್ಲಿ ಹೋದರೂ ಹೆಚ್ಚು ಕಡಿಮೆ ಅಷ್ಟೇ ಹೊತ್ತು, ಆದರೆ ವೆನಿಸ್‌ನಲ್ಲಿ ಕಾರಿಗೆ ಕೆಲಸವಿಲ್ಲ. ಸ್ವಿಟ್ಜರ್ಲೆಂಡಿನಲ್ಲಿ ಪಡೆದ ಕಾರನ್ನು ಇಟಲಿಯಲ್ಲಿ ಬಿಟ್ಟರೆ ಬಾಡಿಗೆಯನ್ನೂ ಮೀರಿಸುವ ಶುಲ್ಕ ಬೀಳಬಹುದು: ರೈಲು. ವೆನಿಸ್‌ನಿಂದ ಫ್ಲಾರೆನ್ಸ್ ಎರಡು ಗಂಟೆಗೆ ಸ್ವಲ್ಪ ಮೇಲೆ: ರೈಲು. ಫ್ಲಾರೆನ್ಸ್‌ನಿಂದ ಪಿಯೆಂಜಾ: ಕಾರು, ಮೂರು ದಿನಕ್ಕೆ ಮಾತ್ರ. ಕಾರನ್ನು ಫ್ಲಾರೆನ್ಸ್‌ನಲ್ಲೇ ಮರಳಿಸಿ ರೋಮ್‌ಗೆ ಒಂದೂವರೆ ಗಂಟೆಯ ವೇಗದ ರೈಲು.

ಹದಿನಾಲ್ಕು ರಾತ್ರಿಗೆ ಕಾರು ಹಿಡಿಯಬೇಕೆಂದಿದ್ದವರಿಗೆ ಮೂರು ದಿನದ ಕಾರು ಸಾಕಾಯಿತು. ಬಹುತೇಕ ಪ್ರವಾಸಗಳಲ್ಲಿ ಹೀಗೆಯೇ ಆಗುತ್ತದೆ.

## ಹಂತ 3: ನೀವು ಹೋಗುವ ತಿಂಗಳನ್ನು ನೋಡಿ

ನಮ್ಮಲ್ಲಿ ಮಕ್ಕಳಿಗೆ ರಜೆ ಏಪ್ರಿಲ್, ಮೇ ತಿಂಗಳಲ್ಲಿ. ಆಲ್ಪ್ಸ್‌ನ ಎತ್ತರದ ರಸ್ತೆಗಳು ಆಗ ಇನ್ನೂ ಹಿಮದಲ್ಲಿ ಮುಚ್ಚಿರುತ್ತವೆ. ಚಿತ್ರಗಳಲ್ಲಿ ನೋಡಿ ಕಾರು ಗೊತ್ತು ಮಾಡಿಸಿಕೊಳ್ಳುವ ಫುರ್ಕಾ, ಗ್ರಿಮ್ಸೆಲ್, ಸುಸ್ಟೆನ್ ಕಣಿವೆದಾರಿಗಳು ಸಾಮಾನ್ಯವಾಗಿ ಜೂನ್ ಹೊತ್ತಿಗೆ ತೆರೆದು ಅಕ್ಟೋಬರ್ ಹೊತ್ತಿಗೆ ಮುಚ್ಚುತ್ತವೆ. ಇಟಲಿಯ ಸ್ಟೆಲ್ವಿಯೊ ಕೂಡ ಮೇ ಕೊನೆಗೋ ಜೂನ್‌ಗೋ ತೆರೆಯುತ್ತದೆ. ಆ ರಸ್ತೆಗಳಿಗಾಗಿಯೇ ಕಾರು ಎಂದುಕೊಂಡವರು ಏಪ್ರಿಲ್‌ನಲ್ಲಿ ಹೋಗಿ ಸುರಂಗದೊಳಗೆ ಓಡಿಸಿ ಬರುತ್ತಾರೆ. ಸ್ವಿಟ್ಜರ್ಲೆಂಡಿನ ಹಿಮದ ತಾಣ ಯುಂಗ್‌ಫ್ರಾಯೊಖ್‌ಗೆ ಹತ್ತುವ ರೈಲು ಮಾತ್ರ ವರ್ಷವಿಡೀ ಓಡುತ್ತದೆ.

ಡಿಸೆಂಬರ್ ರಜೆಯಲ್ಲಿ ಹೋಗುವವರಿಗೆ ಚಳಿಗಾಲದ ಟೈರಿನ ನಿಯಮಗಳಿವೆ. ಆಸ್ಟ್ರಿಯಾದಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ಹಿಮದ ಸ್ಥಿತಿ ಇದ್ದಾಗ ಅವು ಕಡ್ಡಾಯ. ಇಟಲಿಯ ಹಲವು ರಸ್ತೆಗಳಲ್ಲಿ ನವೆಂಬರ್ 15ರಿಂದ ಏಪ್ರಿಲ್ 15ರವರೆಗೆ ಆ ಟೈರು ಇಲ್ಲವೇ ಸರಪಳಿ ಇರಬೇಕು. ಮಂಜುಗಡ್ಡೆಯ ಮೇಲೆ ಹಿಂದೆಂದೂ ಓಡಿಸದವರು ಡಿಸೆಂಬರ್‌ನಲ್ಲಿ ಬೆಟ್ಟಕ್ಕೆ ಕಾರು ಒಯ್ಯಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

## ಹಂತ 4: ಈಗ ಹಣದ ಲೆಕ್ಕ

ರೈಲಿನ ಕಡೆಯಿಂದ ಶುರು ಮಾಡಿ. ಹಾದಿಯೊಂದಕ್ಕೆ ಬಿಡಿ ಟಿಕೆಟಿನ ದರ ನೋಡಿ, ಜನಸಂಖ್ಯೆಯಿಂದ ಗುಣಿಸಿ, ಎಲ್ಲವನ್ನೂ ಕೂಡಿ. ಇಟಲಿ, ಫ್ರಾನ್ಸ್, ಜರ್ಮನಿ, ಸ್ಪೇನ್‌ಗಳ ವೇಗದ ರೈಲುಗಳಲ್ಲಿ ದರ ವಿಮಾನದಂತೆ ಏರುತ್ತದೆ. ತಿಂಗಳುಗಳ ಮೊದಲೇ ಕೊಂಡರೆ ಅಗ್ಗ, ಹೊರಡುವ ದಿನ ದುಬಾರಿ. ಅಗ್ಗದ ಟಿಕೆಟ್ ಆ ಒಂದು ರೈಲಿಗೆ ಮಾತ್ರ. ಅದು ತಪ್ಪಿದರೆ ಟಿಕೆಟ್ ಹೋದಂತೆಯೇ. ಹತ್ತಿರದ ಊರುಗಳ ಪ್ರಾದೇಶಿಕ ರೈಲುಗಳ ದರ ಸಾಮಾನ್ಯವಾಗಿ ಸ್ಥಿರ, ಅವಕ್ಕೆ ಆತುರ ಬೇಡ.

ಕೂಡಿದ ಮೊತ್ತ ಸಿಕ್ಕ ಮೇಲೆ ಮಾತ್ರ ಪಾಸ್‌ನ ದರ ತೆಗೆದು ಪಕ್ಕದಲ್ಲಿಡಿ. ಯುರೋಪಿನ ಹೊರಗೆ ವಾಸಿಸುವ ನಮಗೆ ಸಿಗುವುದು ಯುರೇಲ್ ಪಾಸ್. ಅದು 33 ದೇಶಗಳಲ್ಲಿ ನಡೆಯುತ್ತದೆ. 4ರಿಂದ 11 ವರ್ಷದ ಮಕ್ಕಳಿಗೆ, ಒಬ್ಬ ದೊಡ್ಡವರ ಜೊತೆ ಇಬ್ಬರವರೆಗೆ, ಪಾಸ್ ಉಚಿತ. ಇಲ್ಲಿಯವರೆಗೆ ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿಲ್ಲದ್ದು ಮುಂದಿನದು: ಫ್ರಾನ್ಸಿನ ಟಿಜಿವಿ, ಇಟಲಿಯ ಫ್ರೆಚ್ಚಾರೊಸ್ಸಾ, ಸ್ಪೇನಿನ ಎವಿಇ ರೈಲುಗಳಲ್ಲಿ ಪಾಸ್ ಇದ್ದರೂ ಸೀಟಿಗೆ ಬೇರೆಯೇ ಹಣ ಕಟ್ಟಿ ಕಾಯ್ದಿರಿಸಬೇಕು. ತಲೆಗೆ ಸುಮಾರು 10ರಿಂದ 20 ಯೂರೋ, ಲಂಡನ್‌ಗೆ ಹೋಗುವ ಯೂರೋಸ್ಟಾರ್‌ಗೆ ಇನ್ನೂ ಹೆಚ್ಚು. ಉಚಿತ ಪಾಸ್ ಇರುವ ಮಗುವಿಗೂ ಸೀಟಿನ ಹಣ ತಪ್ಪುವುದಿಲ್ಲ. ನಾಲ್ವರ ಕುಟುಂಬ ಮೂರು ವೇಗದ ರೈಲು ಹತ್ತಿದರೆ ಹನ್ನೆರಡು ಸೀಟು. ತಲೆಗೆ 15 ಎಂದರೂ 180 ಯೂರೋ ಪಾಸ್‌ನ ಮೇಲೆ ಸೇರಿತು. ಕೆಲವು ರೈಲುಗಳಲ್ಲಿ ಪಾಸ್‌ದಾರರಿಗೆ ಇಟ್ಟ ಸೀಟುಗಳು ಬೇಗ ಮುಗಿದೂ ಹೋಗುತ್ತವೆ. ಜರ್ಮನಿ, ಆಸ್ಟ್ರಿಯಾ, ಸ್ವಿಟ್ಜರ್ಲೆಂಡಿನ ಒಳನಾಡಿನ ಹೆಚ್ಚಿನ ರೈಲುಗಳಿಗೆ ಈ ಕಡ್ಡಾಯ ಇಲ್ಲ. ಹಾಗಾಗಿ ಪಾಸ್‌ಗೆ ಬೆಲೆ ಬರುವುದು ಆ ಕಡೆ ಹೆಚ್ಚು ಸುತ್ತುವವರಿಗೆ.

ನಮ್ಮ ಉದಾಹರಣೆಯ ಕುಟುಂಬಕ್ಕೆ ನಾನು ಹೇಳುವುದು ಇದು: ಸ್ವಿಟ್ಜರ್ಲೆಂಡಿನ ಆರು ದಿನಕ್ಕೆ ಸ್ವಿಸ್ ಟ್ರಾವೆಲ್ ಪಾಸ್, ಇಟಲಿಗೆ ಬಿಡಿ ಟಿಕೆಟ್. ಸ್ವಿಸ್ ಪಾಸ್‌ನಲ್ಲಿ ರೈಲಿನ ಜೊತೆ ಬಸ್, ಸರೋವರದ ದೋಣಿ, ನಗರದ ಟ್ರಾಮ್ ಎಲ್ಲ ಸೇರಿವೆ. ಪಾಸ್ ಇರುವ ತಂದೆ ಅಥವಾ ತಾಯಿಯ ಜೊತೆ 6ರಿಂದ 15 ವರ್ಷದ ಮಕ್ಕಳಿಗೆ ಫ್ಯಾಮಿಲಿ ಕಾರ್ಡ್‌ನಲ್ಲಿ ಉಚಿತ. ಆದರೆ ಯುಂಗ್‌ಫ್ರಾಯೊಖ್‌ನ ಮೇಲಿನ ಹಾದಿ ಅದರಲ್ಲಿ ಪೂರ್ತಿ ಸೇರಿಲ್ಲ, ರಿಯಾಯಿತಿ ಮಾತ್ರ. ಎರಡು ಮೂರು ದೊಡ್ಡ ಶಿಖರ ಹತ್ತುವವರು ಟಿಕೆಟುಗಳನ್ನು ಸುಮಾರು ಅರ್ಧ ದರಕ್ಕೆ ಕೊಡಿಸುವ ಹಾಫ್ ಫೇರ್ ಕಾರ್ಡಿನ ಲೆಕ್ಕವನ್ನೂ ಹಾಕಿ ನೋಡಬೇಕು.

ಕಾರಿನ ಲೆಕ್ಕದಲ್ಲಿ ಜನ ಬಾಡಿಗೆಯೊಂದನ್ನೇ ಬರೆಯುತ್ತಾರೆ. ನೀವು ಇಷ್ಟನ್ನೂ ಬರೆಯಿರಿ: ಬಾಡಿಗೆ, ಪೂರ್ಣ ವಿಮೆ, ಆಟೊಮ್ಯಾಟಿಕ್ ಗೇರಿಗೆ ಹೆಚ್ಚುವರಿ, ಎರಡನೆಯ ಚಾಲಕರ ಶುಲ್ಕ, ಮಗುವಿನ ಆಸನ, ಇಂಧನ, ಟೋಲ್, ಪ್ರತಿ ರಾತ್ರಿಯ ಪಾರ್ಕಿಂಗ್, ಬೇರೆ ಊರಿನಲ್ಲಿ ಬಿಟ್ಟರೆ ಅದರ ಶುಲ್ಕ. ಓಡಿಸುವವರು 25 ವರ್ಷದೊಳಗಿನವರಾದರೆ ಅದಕ್ಕೂ ಬೇರೆ ಹಣ. ಇಂಧನಕ್ಕೆ ಲೀಟರಿಗೆ ಎರಡು ಯೂರೋ, ನೂರು ಕಿಲೋಮೀಟರಿಗೆ ಏಳು ಲೀಟರ್ ಎಂದು ಹಿಡಿದರೆ ಟಸ್ಕನಿಯ 350 ಕಿಲೋಮೀಟರ್ ಸುತ್ತಾಟಕ್ಕೆ ಸುಮಾರು 50 ಯೂರೋ. ಇಟಲಿಯ ಹೆದ್ದಾರಿ ಟೋಲ್ ನೂರು ಕಿಲೋಮೀಟರಿಗೆ ಸುಮಾರು 7ರಿಂದ 8 ಯೂರೋ ಎಂದು ಇಟ್ಟುಕೊಳ್ಳಿ.

ಒಬ್ಬರು ಇಬ್ಬರಿದ್ದರೆ ರೈಲು ಗೆಲ್ಲುವುದೇ ಹೆಚ್ಚು. ನಾಲ್ಕೈದು ಜನರಾದಾಗ ಹಳ್ಳಿಯ ಹಾದಿಗಳಲ್ಲಿ ಕಾರು ಅಗ್ಗವಾಗುತ್ತದೆ. ನಗರದ ಹಾದಿಗಳಲ್ಲಿ ಪಾರ್ಕಿಂಗ್ ಸೇರಿದ ಕೂಡಲೇ ಆ ಲಾಭ ಕರಗುತ್ತದೆ.

## ಹಂತ 5: ರೈಲು ಹಾದಿಗಳಿಗೆ ಟಿಕೆಟ್ ಕೊಳ್ಳುವುದು, ಹತ್ತುವುದು

ಮೊದಲು ವೇಗದ ರೈಲುಗಳ ಟಿಕೆಟ್, ಆಮೇಲೆ ಉಳಿದದ್ದು. ವೀಸಾ ಬರುವ ಮುನ್ನ ಕೊಳ್ಳುವುದಾದರೆ ಹಣ ಮರಳುವ ಬಗೆಯ ಟಿಕೆಟನ್ನೇ ಕೊಳ್ಳಿ.

ನಿಲ್ದಾಣದ ಹೆಸರನ್ನು ಎರಡೆರಡು ಸಲ ಓದಿ. ವೆನಿಸ್‌ಗೆ ಎರಡು ಮುಖ್ಯ ನಿಲ್ದಾಣಗಳಿವೆ. ಮೆಸ್ತ್ರೆ ಇರುವುದು ದ್ವೀಪದ ಆಚೆ ಮುಖ್ಯಭೂಮಿಯಲ್ಲಿ, ದ್ವೀಪದಲ್ಲಿರುವುದು ಸಾಂತಾ ಲುಚಿಯಾ. ಪ್ಯಾರಿಸ್‌ನಲ್ಲಿ ಉತ್ತರದ ರೈಲುಗಳು ಗಾರ್ ದ್ಯು ನೋರ್‌ನಿಂದ, ಆಗ್ನೇಯದವು ಗಾರ್ ದ ಲಿಯೋಂನಿಂದ ಹೊರಡುತ್ತವೆ. ನಡುವೆ ಮೆಟ್ರೊ ಹಿಡಿಯಬೇಕು. ಒಂದರಿಂದ ಇನ್ನೊಂದಕ್ಕೆ ಸಾಮಾನಿನೊಂದಿಗೆ ಹೋಗಲು ನಾನು ಒಂದೂವರೆ ಗಂಟೆ ಬಿಡುತ್ತೇನೆ.

ಇಟಲಿಯ ವೇಗದ ಹಾದಿಗಳಲ್ಲಿ ಟ್ರೆನ್‌ಇಟಾಲಿಯಾ ಮತ್ತು ಇಟಾಲೊ ಎರಡು ಬೇರೆ ಬೇರೆ ಸಂಸ್ಥೆಗಳು. ಒಂದರ ಟಿಕೆಟ್ ಇನ್ನೊಂದರಲ್ಲಿ ನಡೆಯುವುದಿಲ್ಲ. ಪ್ರಾದೇಶಿಕ ರೈಲಿನ ಕಾಗದದ ಟಿಕೆಟನ್ನು ಪ್ಲಾಟ್‌ಫಾರ್ಮಿನ ಬಳಿಯ ಯಂತ್ರದಲ್ಲಿ ತೂರಿಸಿ ಮುದ್ರೆ ಹಾಕಿಸಿಯೇ ಹತ್ತಬೇಕು. ಟಿಕೆಟ್ ಕೊಂಡಿದ್ದೇನೆ ಎಂದರೂ ಮುದ್ರೆ ಇಲ್ಲದಿದ್ದರೆ ದಂಡ. ಮೊಬೈಲ್ ಟಿಕೆಟಿನಲ್ಲಿ ಚೆಕ್-ಇನ್ ಎಂದಿದ್ದರೆ ಹತ್ತುವ ಮುನ್ನ ಅದನ್ನು ಒತ್ತಿ. ಯುರೇಲ್ ಪಾಸ್ ಇದ್ದವರು ಆ ದಿನದ ಪ್ರಯಾಣವನ್ನು ಆ್ಯಪಿನಲ್ಲಿ ಸೇರಿಸಿಯೇ ಹತ್ತಬೇಕು.

ಪ್ಲಾಟ್‌ಫಾರ್ಮಿನಲ್ಲಿ ಮೇಲೆ ತೂಗುವ ಎ, ಬಿ, ಸಿ ಅಕ್ಷರಗಳನ್ನು ನೋಡಿಕೊಂಡು ನಿಮ್ಮ ಬೋಗಿ ನಿಲ್ಲುವಲ್ಲೇ ನಿಂತಿರಿ. ಕೆಲವು ರೈಲುಗಳು ನಡುದಾರಿಯಲ್ಲಿ ಎರಡಾಗಿ ಬೇರೆ ಬೇರೆ ಊರಿಗೆ ಹೋಗುತ್ತವೆ. ಬೋಗಿಯ ಬಾಗಿಲ ಬಳಿ ಬರೆದ ಊರಿನ ಹೆಸರು ನೋಡಿಯೇ ಹತ್ತಿ. ಬಾಗಿಲು ತಾನಾಗಿ ತೆರೆಯದಿದ್ದರೆ ಅದರ ಮೇಲಿನ ಗುಂಡಿ ಒತ್ತಬೇಕು. ಇಳಿಯುವಾಗಲೂ ಹಾಗೆಯೇ. ಫ್ರಾನ್ಸಿನ ಟಿಜಿವಿಗಳಲ್ಲಿ ಹೊರಡುವ ಎರಡು ನಿಮಿಷ ಮೊದಲೇ ಬಾಗಿಲು ಮುಚ್ಚುತ್ತದೆ.

ಫಲಕದಲ್ಲಿ ಇಟಲಿಯಲ್ಲಿ “ಶೋಪೆರೊ”, ಫ್ರಾನ್ಸಿನಲ್ಲಿ “ಗ್ರೆವ್”, ಜರ್ಮನಿಯಲ್ಲಿ “ಶ್ಟ್ರೈಕ್” ಎಂದಿದ್ದರೆ ಮುಷ್ಕರ. ಇಟಲಿಯಲ್ಲಿ ಮುಷ್ಕರವನ್ನು ಮೊದಲೇ ಪ್ರಕಟಿಸುತ್ತಾರೆ, ಕೆಲಸದ ದಿನಗಳಲ್ಲಿ ಬೆಳಿಗ್ಗೆ 6ರಿಂದ 9 ಮತ್ತು ಸಂಜೆ 6ರಿಂದ 9 ಪ್ರಾದೇಶಿಕ ರೈಲುಗಳನ್ನು ಓಡಿಸಬೇಕೆಂಬ ನಿಯಮವಿದೆ. ಐರೋಪ್ಯ ಒಕ್ಕೂಟದಲ್ಲಿ ರೈಲು ಒಂದು ಗಂಟೆ ತಡವಾದರೆ ಟಿಕೆಟ್ ದರದ ಕಾಲು ಭಾಗ, ಎರಡು ಗಂಟೆ ತಡವಾದರೆ ಅರ್ಧ ಪರಿಹಾರ ಕೇಳಬಹುದು, ಕೆಲವು ಅಸಾಧಾರಣ ಸಂದರ್ಭಗಳನ್ನು ಬಿಟ್ಟು. ಜರ್ಮನಿಯ ದೂರದ ರೈಲುಗಳು ಈಗೀಗ ಬಹಳ ತಡ. ಅಲ್ಲಿ ವಿಮಾನ ಹಿಡಿಯುವ ದಿನ ಕನಿಷ್ಠ ಒಂದು ರೈಲು ಮೊದಲೇ ಹೊರಡಿ.

## ಹಂತ 6: ಕಾರು ಗೊತ್ತು ಮಾಡುವುದು

ಇಳಿದ ದಿನವೇ ಕಾರು ಬೇಡ. ಬೆಂಗಳೂರಿನಿಂದ ರಾತ್ರಿಯಿಡೀ ಹಾರಿ, ನಿದ್ದೆಯಿಲ್ಲದೆ, ಎಂದೂ ಓಡಿಸದ ಬಲಬದಿಯ ರಸ್ತೆಯಲ್ಲಿ ಗಂಟೆಗೆ 120 ಕಿಲೋಮೀಟರ್ ವೇಗದ ಹೆದ್ದಾರಿಗೆ ಇಳಿಯುವುದು ಅಪಾಯ. ಎರಡು ರಾತ್ರಿ ಮಲಗಿ, ಆಮೇಲೆ.

ಕಾರನ್ನು ನಗರದ ನಡುವಿನಿಂದ ಪಡೆಯಬೇಡಿ. ಫ್ಲಾರೆನ್ಸ್‌ನಲ್ಲಿ ಸಾಂತಾ ಮರಿಯಾ ನೊವೆಲ್ಲಾ ನಿಲ್ದಾಣದಿಂದ ಟಿ2 ಟ್ರಾಮ್ ಹಿಡಿದರೆ ಇಪ್ಪತ್ತು ನಿಮಿಷದಲ್ಲಿ ವಿಮಾನ ನಿಲ್ದಾಣ. ಅಲ್ಲಿಂದ ಕಾರು ಪಡೆದು, ಅಲ್ಲೇ ಮರಳಿಸಿದರೆ ಹೊರಗಿನ ಕಾರು ಬಿಡದ ಹಳೆಯ ನಗರದ ಬೀದಿಗಳ (ಹಂತ 8 ನೋಡಿ) ಗೊಡವೆಯೇ ಇಲ್ಲ. ಊರೊಳಗಿನ ಸಣ್ಣ ಕಚೇರಿಗಳು ಮಧ್ಯಾಹ್ನ ಊಟಕ್ಕೆ ಮುಚ್ಚುತ್ತವೆ, ಭಾನುವಾರ ತೆರೆಯದಿರಬಹುದು.

ಏನೂ ಹೇಳದಿದ್ದರೆ ಸಿಗುವುದು ಕ್ಲಚ್ ಇರುವ ಕಾರು. ಗೇರ್ ಬಲಗೈಗೆ ಬರುವುದರಿಂದ ನಾನು ಎಲ್ಲರಿಗೂ ಆಟೊಮ್ಯಾಟಿಕ್ ಅನ್ನೇ ಹೇಳುತ್ತೇನೆ. ಮುಂಗಡ ಠೇವಣಿಗೆ ಓಡಿಸುವವರ ಹೆಸರಿನಲ್ಲೇ ಇರುವ ಕ್ರೆಡಿಟ್ ಕಾರ್ಡ್ ಬೇಕು. ಹೆಂಡತಿಯ ಕಾರ್ಡು, ಗಂಡನ ಡಿಎಲ್ ಎಂದರೆ ಕೌಂಟರಿನಲ್ಲೇ ಕೆಲಸ ಕೆಡುತ್ತದೆ. ಹಾನಿಯಾದರೆ ವಿಮೆ ಇದ್ದೂ ನಾವು ಕಟ್ಟಬೇಕಾದ ಪಾಲು ಎಷ್ಟು, ಗಾಜು ಮತ್ತು ಟೈರು ಸೇರಿವೆಯೇ, ಬೇರೆ ದೇಶಕ್ಕೆ ಒಯ್ಯಬಹುದೇ ಎಂಬ ಮೂರನ್ನು ಬರವಣಿಗೆಯಲ್ಲಿ ಓದಿ. ಚಿಕ್ಕ ಮಕ್ಕಳಿದ್ದರೆ ಆಸನ ಕಡ್ಡಾಯ. ಜರ್ಮನಿ, ಇಟಲಿಗಳಲ್ಲಿ 150 ಸೆಂಟಿಮೀಟರ್ ಎತ್ತರದವರೆಗೂ ಈ ನಿಯಮ ಬರುತ್ತದೆ. ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವಂತಿಲ್ಲ.

## ಹಂತ 7: ಕೀಲಿ ಕೈಗೆ ಬಂದ ಮೊದಲ ಒಂದು ಗಂಟೆ

ಹೊರಡುವ ಮುನ್ನ ಕಾರಿನ ಸುತ್ತ ಒಂದೇ ಓಟದಲ್ಲಿ ವಿಡಿಯೊ ತೆಗೆಯಿರಿ. ಚಕ್ರದ ಅಂಚು, ಮುಂದಿನ ಬಂಪರಿನ ಕೆಳಭಾಗ, ಗಾಜಿನ ಮೂಲೆಗಳನ್ನು ಬಗ್ಗಿ ಹತ್ತಿರದಿಂದ ತೋರಿಸಿ. ಒಳಗೆ ಕುಳಿತು ಕಿಲೋಮೀಟರ್ ಮತ್ತು ಇಂಧನದ ಮುಳ್ಳನ್ನೂ ಸೇರಿಸಿ. ಕಾಗದದಲ್ಲಿ ಗುರುತು ಮಾಡದ ಗೀರು ಕಂಡರೆ ಅಲ್ಲೇ ಬರೆಸಿ ಸಹಿ ಪಡೆಯಿರಿ. ಒಮ್ಮೆ ನೆಲಮಾಳಿಗೆಯ ಮಂದ ಬೆಳಕಿನಲ್ಲಿ ನಾನು ಚಕ್ರದ ಅಂಚನ್ನು ನೋಡಲಿಲ್ಲ. ಮೊದಲೇ ಇದ್ದ ಬೆರಳುದ್ದದ ಗೀರಿಗೆ ನನ್ನ ಠೇವಣಿಯಿಂದ ಹಣ ಹೋಯಿತು. ವಾದಿಸಲು ನನ್ನ ಬಳಿ ಚಿತ್ರವಿರಲಿಲ್ಲ. ಹಿಂಭಾಗದಲ್ಲಿ ಪ್ರತಿಫಲಿಸುವ ಜಾಕೆಟ್ ಮತ್ತು ಎಚ್ಚರಿಕೆಯ ತ್ರಿಕೋನ ಇವೆಯೇ ನೋಡಿ. ತುರ್ತಿಗೆ 112.

ನಿಲ್ಲಿಸುವ ಅಂಗಳದಲ್ಲೇ ಹತ್ತು ನಿಮಿಷ ಸುತ್ತು ಹಾಕಿ. ನಮ್ಮ ಮಾರುತಿ, ಹ್ಯುಂಡೈ ಕಾರುಗಳಲ್ಲಿ ಇಂಡಿಕೇಟರ್ ಬಲಗಡೆಯ ಕಡ್ಡಿಯಲ್ಲಿದೆ. ಅಲ್ಲಿ ಎಡಗಡೆಗೆ. ತಿರುವಿನಲ್ಲಿ ಇಂಡಿಕೇಟರ್ ಹಾಕಲು ಹೋಗಿ ವೈಪರ್ ಗಾಜು ಉಜ್ಜುತ್ತದೆ, ಹಿಂದಿನವರಿಗೆ ನೀವು ತಿರುಗುವುದು ತಿಳಿಯುವುದೇ ಇಲ್ಲ. ಚಾಲಕ ಯಾವಾಗಲೂ ರಸ್ತೆಯ ನಡುಗೆರೆಯ ಕಡೆ ಇರಬೇಕು, ಪಕ್ಕದವರು ಅಂಚಿನ ಕಡೆ. ತಪ್ಪಾಗುವುದು ಜನಸಂದಣಿಯಲ್ಲಲ್ಲ, ಪೆಟ್ರೋಲ್ ಬಂಕಿನಿಂದ ಖಾಲಿ ರಸ್ತೆಗೆ ಮರಳುವಾಗ ಮತ್ತು ಬೆಳಗಿನ ಮೊದಲ ಎಡತಿರುವಿನಲ್ಲಿ. ಪಕ್ಕದಲ್ಲಿ ಕುಳಿತವರು ಆ ಎರಡು ಹೊತ್ತಿನಲ್ಲಿ “ಬಲಕ್ಕೆ” ಎಂದು ಜೋರಾಗಿಯೇ ಹೇಳಲಿ.

ವೃತ್ತದಲ್ಲಿ ಗಡಿಯಾರದ ವಿರುದ್ಧ ದಿಕ್ಕಿಗೆ ಸುತ್ತಬೇಕು, ಒಳಗಿರುವವರಿಗೆ ಸಾಮಾನ್ಯವಾಗಿ ದಾರಿ ಬಿಡಬೇಕು. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ಮೊದಲ ಹಕ್ಕು, ಅದು ಸಣ್ಣ ಓಣಿಯೇ ಆಗಿದ್ದರೂ. ಹೆದ್ದಾರಿಯಲ್ಲಿ ಬಲ ಪಥದಲ್ಲೇ ಇರಿ, ಎಡ ಪಥ ಹಿಂದಿಕ್ಕಲು ಮಾತ್ರ.

## ಹಂತ 8: ದಂಡ ತರುವ ನಾಲ್ಕು ಜಾಗಗಳು

ಇಟಲಿಯ ಝಡ್‌ಟಿಎಲ್. ಹಳೆಯ ನಗರಗಳ ನಡುಭಾಗಕ್ಕೆ ಹೊರಗಿನ ವಾಹನ ಬರುವಂತಿಲ್ಲ. ಕೆಂಪು ಅಂಚಿನ ಬಿಳಿ ವೃತ್ತ, ಮೇಲೊಂದು ಕ್ಯಾಮೆರಾ, ಕೆಲವೆಡೆ ಬೆಳಕಿನ ಫಲಕದಲ್ಲಿ “ವಾರ್ಕೊ ಆತ್ತೀವೊ” ಎಂದಿರುತ್ತದೆ. ಆತ್ತೀವೊ ಎಂದರೆ ಚಾಲ್ತಿಯಲ್ಲಿದೆ, ಅಂದರೆ ಒಳಗೆ ಹೋಗಬಾರದು. ತೆರೆದಿದೆ ಎಂದು ತಪ್ಪಾಗಿ ಓದಿ ನುಗ್ಗುವವರೇ ಹೆಚ್ಚು. ನನ್ನ ತಂಗಿಯ ಮನೆಯವರು ಮೊಬೈಲ್ ನಕ್ಷೆ ಹೇಳಿದಂತೆ ಹೋಟೆಲಿನ ಬಾಗಿಲಿಗೆ ಸಾಮಾನು ಇಳಿಸಲು ಹೋದರು, ದಾರಿ ತಪ್ಪಿ ಇನ್ನೊಂದು ಸುತ್ತು ಬಂದರು. ಎರಡು ಸಲ ಒಳಹೋದದ್ದಕ್ಕೆ ಎರಡು ದಂಡ, ಜೊತೆಗೆ ವಿಳಾಸ ಒದಗಿಸಿದ್ದಕ್ಕೆ ಬಾಡಿಗೆ ಕಂಪನಿಯ ಶುಲ್ಕವೂ ಎರಡು. ಕಾಗದ ಮೈಸೂರಿನ ಮನೆಗೆ ಬಂದದ್ದು ಎಂಟು ತಿಂಗಳ ಮೇಲೆ. ಹೋಟೆಲ್ ವಲಯದೊಳಗಿದ್ದರೆ ಮೊದಲೇ ಬರೆದು, ಕಾರಿನ ನೋಂದಣಿ ಸಂಖ್ಯೆಯನ್ನು ಅವರಿಂದ ದಾಖಲು ಮಾಡಿಸಿ. ಇಲ್ಲವಾದರೆ ಗೋಡೆಯ ಹೊರಗಿನ ಪಾರ್ಕಿಂಗ್‌ನಲ್ಲಿ ಬಿಟ್ಟು ನಡೆದು ಹೋಗಿ.

ವಿಗ್ನೆಟ್, ಅಂದರೆ ಹೆದ್ದಾರಿ ಬಳಸಲು ಮೊದಲೇ ಹಣ ಕಟ್ಟಿ ಪಡೆಯುವ ಪರವಾನಗಿ. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ 40 ಫ್ರಾಂಕಿನ ವಾರ್ಷಿಕ ವಿಗ್ನೆಟ್ ಒಂದೇ ಇರುವುದು, ಕಡಿಮೆ ದಿನಕ್ಕೆ ಸಿಗುವುದಿಲ್ಲ. ಆಸ್ಟ್ರಿಯಾದಲ್ಲಿ ಒಂದು ದಿನದ್ದೂ ಹತ್ತು ದಿನದ್ದೂ ಇದೆ. ಆಯಾ ದೇಶದಲ್ಲೇ ಪಡೆದ ಬಾಡಿಗೆ ಕಾರಿನಲ್ಲಿ ಸಾಮಾನ್ಯವಾಗಿ ವಿಗ್ನೆಟ್ ಇರುತ್ತದೆ. ಗಡಿ ದಾಟಿ ಬಂದ ಕಾರಿನಲ್ಲಿ ಇರುವುದಿಲ್ಲ, ಗಡಿಗೆ ಮೊದಲೇ ಕೊಳ್ಳಬೇಕು.

ಟೋಲ್ ಗೇಟು. ಇಟಲಿಯಲ್ಲಿ ಹಳದಿಯಲ್ಲಿ ಟೆಲಿಪಾಸ್ ಎಂದು ಬರೆದ ಸಾಲಿಗೆ ಹೋಗಬೇಡಿ, ಅದು ಯಂತ್ರ ಅಳವಡಿಸಿದ ಕಾರುಗಳಿಗೆ. ಕಾರ್ಡಿನ ಅಥವಾ ನಗದಿನ ಚಿತ್ರವಿರುವ ಸಾಲು ಹಿಡಿಯಿರಿ. ಒಳಬರುವಾಗ ಸಿಕ್ಕ ಚೀಟಿ ಕಳೆದರೆ ಆ ರಸ್ತೆಯ ಅತಿ ದೂರದ ದರ ಬೀಳಬಹುದು. ತಪ್ಪಿ ಹೋದರೆ ಹಿಂದಕ್ಕೆ ಬರಬೇಡಿ, ಸಹಾಯದ ಗುಂಡಿ ಒತ್ತಿ.

ಪೆಟ್ರೋಲ್ ಬಂಕ್. ಇಟಲಿಯಲ್ಲಿ “ಗಸೋಲಿಯೊ” ಎಂದರೆ ಡೀಸೆಲ್, “ಬೆಂಜೀನಾ” ಎಂದರೆ ಪೆಟ್ರೋಲ್. ಫ್ರಾನ್ಸಿನ “ಗಜೋಲ್” ಡೀಸೆಲ್. ಸ್ಪೇನಿನಲ್ಲಿ “ಗಸೋಲಿನಾ” ಎಂದರೆ ಪೆಟ್ರೋಲ್. ಹೆಸರು ಮರೆತರೆ ಆಕಾರ ನೋಡಿ: ಪಂಪು ಮತ್ತು ಟ್ಯಾಂಕಿನ ಮುಚ್ಚಳದ ಮೇಲೆ ಪೆಟ್ರೋಲಿಗೆ ವೃತ್ತದ ಗುರುತು, ಡೀಸೆಲಿಗೆ ಚೌಕ. ಇಟಲಿಯಲ್ಲಿ ಸಿಬ್ಬಂದಿ ತುಂಬುವ “ಸೆರ್ವೀತೊ” ಪಂಪಿನ ದರ ಹೆಚ್ಚು.

## ತೀರ್ಮಾನ ಬದಲಿಸಬೇಕೆಂದು ಹೇಳುವ ಸೂಚನೆಗಳು

ಕಾರು ಹಿಡಿಯಬೇಕೆಂದವರು ನಿಲ್ಲಬೇಕಾದದ್ದು ಹೀಗಾದಾಗ: ಇಡೀ ಗುಂಪಿನಲ್ಲಿ ಓಡಿಸುವವರು ಒಬ್ಬರೇ ಇದ್ದು ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ರಸ್ತೆ ಬಂದಾಗ; ರಾತ್ರಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ದೊಡ್ಡ ನಗರಗಳಲ್ಲೇ ಇದ್ದಾಗ; ಕಾರು ಮರಳಿಸುವುದೂ ವಿಮಾನ ಹತ್ತುವುದೂ ಒಂದೇ ಬೆಳಿಗ್ಗೆ ಬಂದಾಗ. ಕೊನೆಯದಕ್ಕೆ ಪರಿಹಾರ ಸುಲಭ, ಹಿಂದಿನ ದಿನ ಮಧ್ಯಾಹ್ನವೇ ಕಾರು ಬಿಟ್ಟುಬಿಡಿ.

ರೈಲು ಎಂದುಕೊಂಡವರು ಯೋಚಿಸಬೇಕಾದದ್ದು: ಒಂದೇ ದಿನದಲ್ಲಿ ಮೂರು ಬದಲಾವಣೆ, ಅದರಲ್ಲೂ ನಡುವೆ ಹತ್ತು ನಿಮಿಷಕ್ಕಿಂತ ಕಡಿಮೆ ಸಮಯ, ಕೊನೆಯ ಬಸ್ ಸಂಜೆ ಆರಕ್ಕೇ ಮುಗಿಯುವ ಹಳ್ಳಿ, ಭಾನುವಾರದ ವೇಳಾಪಟ್ಟಿಯನ್ನು ನೋಡದೆ ಶನಿವಾರದ್ದನ್ನು ನಂಬಿದ್ದು. ಇಂಥ ಹಾದಿಗೆ ಕಾರೇ ಬೇಕೆಂದಿಲ್ಲ, ನಿಲ್ದಾಣದಿಂದ ಮೊದಲೇ ಹೇಳಿಟ್ಟ ಟ್ಯಾಕ್ಸಿ ಸಾಕಾಗಬಹುದು. ಬಾಡಿಗೆ ಕಾರಿನ ಮೂರು ದಿನದ ಖರ್ಚಿನ ಎದುರು ಅದನ್ನಿಟ್ಟು ನೋಡಿ.

ಮನೆಗೆ ಬಂದ ಮೇಲೆ ಬಾಡಿಗೆಯ ಕರಾರು ಪತ್ರ, ಕಾರು ಮರಳಿಸಿದಾಗ ತೆಗೆದ ವಿಡಿಯೊ, ಟೋಲ್ ಮತ್ತು ಪಾರ್ಕಿಂಗ್ ರಸೀದಿಗಳನ್ನು ಒಂದು ಲಕೋಟೆಗೆ ಹಾಕಿ ಇಟ್ಟುಕೊಳ್ಳಿ. ವಿದೇಶದಲ್ಲಿ ವಾಸಿಸುವವರಿಗೆ ದಂಡದ ನೋಟಿಸು ಕಳಿಸಲು ಇಟಲಿಯ ಕಾನೂನು 360 ದಿನಗಳ ಅವಕಾಶ ಕೊಡುತ್ತದೆ. ಅಷ್ಟು ದಿನ ಆ ಲಕೋಟೆಯನ್ನು ಎಸೆಯಬೇಡಿ.